ಹಂದಿಗೆ ಹಾಕಿದ ಉರುಳಿಗೆ ತೋಳ ಬಿದ್ದರೆ ಅಪರಾಧವಾಗುತ್ತದೆಯೇ?

ಪ್ರಶ್ನೆ – ಜಾಲಹಳ್ಳಿ ನಿವಾಸಿ:
ನಾನು ಬೆಂಗಳೂರಿನಲ್ಲಿ ನೆಲೆಸಿದ್ದರೂ ನಮ್ಮ ಹೊಲ ಇರುವುದು ಕೊಪ್ಪಳ ಜಿಲ್ಲೆಯಲ್ಲಿ. ಕಳೆದ ವಾರ ಊರಿಗೆ ಹೋದಾಗ ಪಕ್ಕದ ಹೊಲದ ಬೇಲಿಯ ಸಂದಿಯಲ್ಲಿ, ಬೈಕಿನ ಕ್ಲಚ್ ತಂತಿಯಿಂದ ಮಾಡಿದ ಉರುಳೊಂದನ್ನು ಜಾಲಿಯ ಗೂಟಕ್ಕೆ ಬಿಗಿದಿದ್ದುದು ಕಣ್ಣಿಗೆ ಬಿತ್ತು. ಕುಣಿಕೆಯ ಗಂಟಿನಲ್ಲಿ ಬೂದು ಮಿಶ್ರಿತ ಕಂದು ಕೂದಲು ಸಿಕ್ಕಿಕೊಂಡಿತ್ತು. ವಿಚಾರಿಸಿದರೆ, ಅದು ಹಂದಿಗೆ ಹಾಕಿದ್ದು ಎಂದರು. ಆ ಕುರುಚಲಿನಲ್ಲಿ ತೋಳಗಳಿರುವುದು ಊರಿಗೆಲ್ಲ ಗೊತ್ತು. ನೆರೆಯವರೊಡನೆ ಮನಸ್ತಾಪವಾಗದಂತೆ ನಾನೇನು ಮಾಡಬಹುದು?

ಉತ್ತರ – ಮಲ್ಲೇಶ್ವರದ ವಕೀಲ:
1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯುಳ್ಳ ಪಟ್ಟಿಯ ಪ್ರಾಣಿ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ವಿಷವಿಡುವುದು, ಅಂಥ ಪ್ರಯತ್ನ ಮಾಡುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ ಸೆರೆ ಮತ್ತು ಕನಿಷ್ಠ 25,000 ರೂಪಾಯಿ ದಂಡ. ತಂತಿಯನ್ನು ತಾವೇ ಕಿತ್ತು ತರಬೇಡಿ. ಸ್ಥಳ ಗುರುತಾಗುವಂತೆ ಚಿತ್ರ ತೆಗೆದು ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ. ಉರುಳಿನಲ್ಲಿ ಜೀವಂತ ಪ್ರಾಣಿ ಕಂಡರೆ ಬಿಡಿಸಲು ಹೋಗದೆ ದೂರ ನಿಂತು ಕರೆ ಮಾಡಿ.

ಉತ್ತರ – ಯಲಹಂಕದ ಓದುಗ:
ನಮ್ಮದು ಕುರಿ ಸಾಕುವ ಮನೆತನವಾದ್ದರಿಂದ ಹೇಳುತ್ತೇನೆ: ಉರುಳಿಗಿಂತ ನನಗೆ ಭಯ ವಿಷದ್ದು. ರಾತ್ರಿ ಹಟ್ಟಿಗೆ ನುಗ್ಗಿ ಕುರಿ ಕೊಂದ ತೋಳ ಮರುದಿನ ಅದೇ ಕಳೇಬರಕ್ಕೆ ಮರಳಬಹುದೆಂದು ಕುರಿಗಾರನಿಗೆ ಗೊತ್ತು. ಸಿಟ್ಟಿನಲ್ಲಿ ಅದಕ್ಕೆ ಕೀಟನಾಶಕ ಸುರಿದರೆ ಮೊದಲು ಸಾಯುವುದು ಅನೇಕ ಸಲ ಅವನದೇ ಕಾವಲು ನಾಯಿ. ಸತ್ತ ಕುರಿಯನ್ನು ಹೂಳುವ ಮುನ್ನ ಪಶುವೈದ್ಯರಿಂದ ಪರಿಶೀಲನೆ ಮಾಡಿಸಿ, ಚಿತ್ರ ಸಹಿತ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರೆ ಪರಿಹಾರಕ್ಕೆ ದಾರಿಯಿದೆ. ಆ ಹಣ ಬೇಗ ಕೈಗೆ ಬಂದರೆ ವಿಷದ ಡಬ್ಬಿ ಅಟ್ಟದಲ್ಲೇ ಇರುತ್ತದೆ. ಹಟ್ಟಿಗೆ ಮುಳ್ಳುಬೇಲಿ, ಮರಿಗಳಿಗೆ ಮುಚ್ಚಿದ ಗೂಡು ಬೇರೆ ಮಾತು. ಅದು ನಮ್ಮವರಿಗೆ ಹೇಳಿಕೊಡಬೇಕಾದ್ದಲ್ಲ.

ಉತ್ತರ – ಬಸವನಗುಡಿ:
ಮೇಲುಕೋಟೆಯಲ್ಲಿ 1974ರಿಂದಲೂ ತೋಳಗಳ ಹಿತಕ್ಕಾಗಿ ಅಭಯಾರಣ್ಯವಿದೆ. ಈಚೆಗೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೂ ತೋಳಧಾಮವಾಗಿದೆ. ಆದರೆ ಬಂಕಾಪುರದ ವಿಸ್ತೀರ್ಣ 332 ಎಕರೆ, ಅಂದರೆ ಒಂದೂವರೆ ಚದರ ಕಿಲೋಮೀಟರಿಗೂ ಕಡಿಮೆ; ತೋಳದ ಒಂದು ಗುಂಪು ಆಹಾರಕ್ಕಾಗಿ ಸುತ್ತುವ ನೆಲ ನೂರು ಚದರ ಕಿಲೋಮೀಟರು ದಾಟುತ್ತದೆ. ಹಾಗಾಗಿ ಅವು ಬಾಳುವುದು ಹೊಲ, ಗೋಮಾಳ, ಸರ್ಕಾರಿ ಕಡತಗಳು ಬಂಜರು ಎಂದು ಕರೆಯುವ ಹುಲ್ಲುಗಾವಲುಗಳಲ್ಲಿ. ದೇಶದಲ್ಲಿ ತೋಳಗಳ ಸಂಖ್ಯೆ 3,100ರಷ್ಟು ಎಂಬುದು 2022ರ ಅಂದಾಜು. ಅದೇ ವರ್ಷದ ಗಣತಿಯಲ್ಲಿ ಹುಲಿಗಳು 3,682! ಆದರೂ ತೋಳಕ್ಕಾಗಿ ಜೀಪು ಕಟ್ಟಿಕೊಂಡು ಹೋಗುವವರು ಎಷ್ಟು ಮಂದಿ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನೆರೆಯವರಿಗೆ ದೂರವಾಣಿ ಮಾಡಿದಾಗ ಅಸಲು ಸಂಗತಿ ತಿಳಿಯಿತು: ಹಂದಿ ಹಾಳುಮಾಡಿದ ಜೋಳಕ್ಕೆ ಪರಿಹಾರ ಕೋರಿ ಹೋದ ವರ್ಷ ಅವರು ಕೊಟ್ಟ ಅರ್ಜಿ, ಪಹಣಿ ಪ್ರತಿ ಲಗತ್ತಿಸಿಲ್ಲವೆಂದು ಹಿಂತಿರುಗಿತ್ತಂತೆ. ಬರುವ ಶನಿವಾರ ಊರಿಗೆ ಹೋಗಿ, ಹೊಸ ಅರ್ಜಿಯನ್ನು ನಾನೇ ಬರೆದುಕೊಡುವುದಾಗಿ ಒಪ್ಪಿಕೊಂಡಿದ್ದೇನೆ. ಉರುಳನ್ನು ಅಂದೇ ಅರಣ್ಯ ರಕ್ಷಕರ ಎದುರಿಗೆ ತೆಗೆಸಲು ಅವರೂ ಒಪ್ಪಿದ್ದಾರೆ.