ಥ್ಯಾಲೇಟ್‌ಗಳು ಪ್ಲಾಸೆಂಟಾದ ಜೀನ್‌ಗಳನ್ನು ಕೆಡಿಸುತ್ತವಾ?

ಪ್ರಶ್ನೆ: ಡಾಕ್ಟ್ರೇ, ನನಗೀಗ ಐದು ತಿಂಗಳು. ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ಥ್ಯಾಲೇಟ್ ಪ್ಲಾಸೆಂಟಾದ, ಅಂದರೆ ಗರ್ಭದಲ್ಲಿ ಮಗುವಿಗೆ ಆಹಾರ ಮುಟ್ಟಿಸುವ ಮಾಸಿನ, ಜೀನ್‌ಗಳನ್ನೇ ಬದಲಾಯಿಸುತ್ತದೆ ಅಂತ ಓದಿದೆ. ಆಗಿನಿಂದ ಸರಿಯಾಗಿ ನಿದ್ದೆ ಇಲ್ಲ. ಮಗುವಿನ ಜೀನ್ ಕೆಟ್ಟಿರುತ್ತಾ? ಏನಾದರೂ ಟೆಸ್ಟ್ ಇದೆಯಾ?

ಉತ್ತರ: ಗಾಬರಿ ಬೇಡಮ್ಮ. ನೀವು ಓದಿದ್ದು ಜೀನ್ ಕೆಡುವ ವಿಷಯ ಅಲ್ಲ. ಡಿಎನ್‌ಎ ಬರಹ ಹಾಗೇ ಇರುತ್ತದೆ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಅನ್ನೋದು ಹೆಚ್ಚು ಕಡಿಮೆ ಆಗುತ್ತದೆ. ರೇಡಿಯೋದ ವಾಲ್ಯೂಮ್ ತಿರುಗಿಸಿದ ಹಾಗೆ.

ಹೇಗೆ ಅಂದರೆ, ಡಿಇಎಚ್‌ಪಿ ಅನ್ನೋ ಥ್ಯಾಲೇಟ್ ದೇಹದೊಳಗೆ ಹೋದ ಮೇಲೆ ಒಡೆದು ಎಂಇಎಚ್‌ಪಿ ಆಗುತ್ತದೆ. ಇದು ಪಿಪಿಎಆರ್ ಗಾಮಾ ಅನ್ನೋ ಪ್ರೋಟೀನಿಗೆ ಅಂಟಿಕೊಳ್ಳಬಲ್ಲದು. ಆ ಪ್ರೋಟೀನ್ ಡಿಎನ್‌ಎ ಮೇಲೆ ಕೂತು, ಕೊಬ್ಬನ್ನು ಬಳಸುವ ಮತ್ತು ಪ್ಲಾಸೆಂಟಾದ ಜೀವಕೋಶಗಳನ್ನು ಬೆಳೆಸುವ ಎಷ್ಟೋ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅದು ಎಷ್ಟು ಮುಖ್ಯ ಅಂದರೆ, ಆ ಪ್ರೋಟೀನೇ ಇಲ್ಲದ ಇಲಿಗಳಲ್ಲಿ ಪ್ಲಾಸೆಂಟಾ ಸರಿಯಾಗಿ ಬೆಳೆಯದೆ ಮರಿಗಳು ಗರ್ಭದಲ್ಲೇ ಸಾಯುತ್ತವೆ ಅಂತ 1999ರಲ್ಲೇ ಗೊತ್ತಾಗಿತ್ತು. ಅಲ್ಲಿಗೆ ಹೊರಗಿನ ಕೆಮಿಕಲ್ ಕೈ ಹಾಕಿದರೆ ಚಿಂತೆ ಸಹಜ ಅಲ್ವಾ? ಇನ್ನೊಂದು ದಾರಿ ಮಿಥೈಲ್ ಗುರುತುಗಳು, ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಹತೋಟಿಯಲ್ಲಿಡುವ ಚಿಕ್ಕ ಗುರುತುಗಳು. ಬೆಳವಣಿಗೆಗೆ ಬೇಕಾದ ಐಜಿಎಫ್2, ಎಚ್19 ಜೀನ್‌ಗಳ ಹತ್ತಿರ ಇವು ಥ್ಯಾಲೇಟ್ ಪ್ರಮಾಣದ ಜೊತೆ ಏರುಪೇರಾಗಿದ್ದು ಕಂಡಿದೆ.

ಜನರಲ್ಲಿ ಈ ಅಧ್ಯಯನ ಮಾಡೋದು ಹೀಗೆ: ಬಸುರಿಯ ಮೂತ್ರದಲ್ಲಿ ಥ್ಯಾಲೇಟ್ ಎಷ್ಟಿದೆ ಅಂತ ಅಳೆಯುತ್ತಾರೆ, ಹೆರಿಗೆ ಆದಮೇಲೆ ಪ್ಲಾಸೆಂಟಾದ ಒಂದು ಚೂರು ತೆಗೆದು ಯಾವ ಜೀನ್ ಎಷ್ಟು ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ಮಾಡಿದೆ ಅಂತ ನೋಡುತ್ತಾರೆ. ಗಂಡು ಮಗು, ಹೆಣ್ಣು ಮಗುವಿನಲ್ಲಿ ಫಲಿತಾಂಶ ಬೇರೆ ಬೇರೆ ಬಂದಿದ್ದೂ ಇದೆ. ಆದರೆ ಥ್ಯಾಲೇಟ್, ಜೀನ್‌ಗಳ ಏರುಪೇರು ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಇದರಿಂದಲೇ ಅದು ಆಯಿತು ಅನ್ನಲಾಗದು. ಒಂದು ಸಲದ ಮೂತ್ರ ಹೇಳೋದು ಹಿಂದಿನ ಒಂದೆರಡು ದಿನದ ಕಥೆ ಅಷ್ಟೇ. ಹಾಗಾಗಿ ನಿಮಗೆ ಉಪಯೋಗ ಆಗುವ ಟೆಸ್ಟ್ ಇಲ್ಲ, ಯಾರಾದರೂ ಮಾಡುತ್ತೀವಿ ಅಂದರೆ ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಇಷ್ಟು ದಿನ ಒಳಗೆ ಹೋಗಿದ್ದು ಹಾಗೇ ಉಳಿದಿರುತ್ತಾ ಡಾಕ್ಟ್ರೇ?

ಉತ್ತರ: ಇಲ್ಲ. ಸೀಸದ ಹಾಗೆ ಇದು ಮೂಳೆಯಲ್ಲಿ ಕೂರಲ್ಲ, ಬಹುಪಾಲು ಒಂದೆರಡು ದಿನದಲ್ಲೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ದಿನಾ ಹೊಸದಾಗಿ ಒಳಗೆ ಬರೋದೇ ತೊಂದರೆ. 2022ರಲ್ಲಿ ಅಮೆರಿಕದ 16 ಅಧ್ಯಯನಗಳ ಆರು ಸಾವಿರಕ್ಕೂ ಜಾಸ್ತಿ ಬಸುರಿಯರ ಮಾಹಿತಿ ಒಟ್ಟು ಮಾಡಿ ನೋಡಿದಾಗ, ಕೆಲವು ಥ್ಯಾಲೇಟ್ ಜಾಸ್ತಿ ಇದ್ದವರಲ್ಲಿ ಅವಧಿಗೆ ಮುಂಚೆ ಹೆರಿಗೆ ಸ್ವಲ್ಪ ಹೆಚ್ಚಿತ್ತು. ಹಾಗಾಗಿ ಇವತ್ತಿಂದ ಕಡಿಮೆ ಮಾಡಿದರೂ ಅರ್ಥ ಇದೆ. ಬಿಸಿ, ಎಣ್ಣೆಯಂಶ ಇರುವ ಊಟ ಗಾಜು ಅಥವಾ ಸ್ಟೀಲಿನಲ್ಲಿರಲಿ, ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ. ಘಮಘಮ ಅನ್ನೋ ಲೋಷನ್, ಸ್ಪ್ರೇಗಳಲ್ಲೂ ಥ್ಯಾಲೇಟ್ ಇರಬಹುದು, ಅವೂ ಕಡಿಮೆ ಇರಲಿ.

ಇನ್ನೊಬ್ಬರ ಪ್ರಶ್ನೆ: ಡ್ರಿಪ್ ಪೈಪ್‌ನಲ್ಲೂ ಇದೆ ಅಂತಾರೆ, ಬೇಡ ಅನ್ನಬೇಕಾ?

ಉತ್ತರ: ಖಂಡಿತ ಅನ್ನಬೇಡಿ. ಮೆತ್ತನೆಯ ಪಿವಿಸಿ ಪೈಪ್‌ನಲ್ಲಿ ಡಿಇಎಚ್‌ಪಿ ಇರಬಹುದು, ನಿಜ. ಆದರೆ ಬೇಕಾದಾಗ ಡ್ರಿಪ್ ಹಾಕಿಸಿಕೊಳ್ಳದಿದ್ದರೆ ಆಗುವ ಅಪಾಯ ಅದಕ್ಕಿಂತ ದೊಡ್ಡದು. ಡಿಇಎಚ್‌ಪಿ ಇಲ್ಲದ ಸೆಟ್‌ಗಳೂ ಸಿಗುತ್ತವೆ, ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಇರೋದರಲ್ಲೇ ಹಾಕಿಸಿಕೊಳ್ಳಿ.