ಬೆಳಗ್ಗೆ ನಡಿಗೆ, ರಾತ್ರಿ ಅನ್ನ ಬಂದ್: ಹತ್ತೇ ದಿನಕ್ಕೆ ಸುಸ್ತು

ಹೊಸನಡಿಗೆ, ಮಡಿಕೇರಿ: ತೂಕ 74 ಕೆ.ಜಿ., ಕೂತು ಮಾಡುವ ಕೆಲಸ. ಬೆಳಗ್ಗೆ ಬರೀ ಕಾಫಿ ಕುಡಿದು ಏರುಇಳಿವಿನ ರಸ್ತೆಯಲ್ಲಿ 5 ಕಿ.ಮೀ. ನಡಿಗೆ, ರಾತ್ರಿ ಅನ್ನ ಇಲ್ಲ. ಹತ್ತು ದಿನಕ್ಕೇ ತಲೆಸುತ್ತು, ತೊಡೆ-ಮಂಡಿ ನೋವು. ಕಡಂಬುಟ್ಟು (ಅಕ್ಕಿತರಿಯ ಕಡುಬು), ಪಂದಿಕರಿ (ಹಂದಿಮಾಂಸದ ಕರಿ) ಪೂರ್ತಿ ಬಿಡಬೇಕಾ? ಊಟದ ಜತೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಜಾಸ್ತಿ ತಗೊಂಡ್ರೆ ಕೊಬ್ಬು ಕರಗುತ್ತೆ ಅಂತಾರೆ, ನಿಜವಾ?

ಅಡುಗೆಲೆಕ್ಕ: ಮೊದಲು ಒಂದು ಮಾತು: ಬಿ.ಪಿ. ಅಥವಾ ಶುಗರ್ ಮಾತ್ರೆ ತಗೊಳ್ತಿದ್ದರೆ ಖಾಲಿ ಹೊಟ್ಟೆಯ ನಡಿಗೆ ಇವತ್ತೇ ನಿಲ್ಲಿಸಿ ವೈದ್ಯರನ್ನು ಕೇಳಿ. ಇಲ್ಲವಾದರೆ ತಪ್ಪಾಗಿರುವುದು ಬಹುಶಃ ಇಷ್ಟೇ: ಖರ್ಚು ಹೆಚ್ಚಿಸಿದ ವಾರವೇ ಜಮೆಯನ್ನೂ ಕಡಿತ ಮಾಡಿದ್ದೀರಿ. ನಿಮ್ಮ ತೂಕಕ್ಕೆ 5 ಕಿ.ಮೀ. ಸಮತಟ್ಟು ನಡಿಗೆಗೆ ಸುಮಾರು 250 ಕ್ಯಾಲೊರಿ ಹೋಗುತ್ತದೆ, ಏರಿದ್ದರೆ ಇನ್ನೂ ಹೆಚ್ಚು. ಹೊರಡುವ ಅರ್ಧ ಗಂಟೆ ಮೊದಲು ಎರಡು ಪುಟ್ಟಬಾಳೆ ತಿನ್ನಿ. ರಾತ್ರಿ ಅನ್ನ ಒಂದು ಕಪ್ ಇರಲಿ. ಕೈ ಹಿಡಿಯಬೇಕಾದ್ದು ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ, ಬೆಂದ ಅನ್ನ 100 ಗ್ರಾಂಗೆ 130.

ಪ್ರೋಟೀನ್ ದಿನಕ್ಕೆ 75ರಿಂದ 90 ಗ್ರಾಂ ಗುರಿ ಇಟ್ಟುಕೊಳ್ಳಿ. ಎರಡು ಮೊಟ್ಟೆ 12 ಗ್ರಾಂ, ಬೆಂದ ಕೋಳಿಮಾಂಸ 100 ಗ್ರಾಂಗೆ 27ರ ಆಸುಪಾಸು. ಬರೀ ಅಕ್ಕಿರೊಟ್ಟಿ-ಚಟ್ನಿ ತಿಂದರೆ ಇದು ತುಂಬುವುದಿಲ್ಲ, ಪಕ್ಕದಲ್ಲಿ ಮೊಟ್ಟೆ ಅಥವಾ ಹುರುಳಿಸಾರು ಬೇಕು. ಕಡಂಬುಟ್ಟು ಆವಿಯಲ್ಲಿ ಬೆಂದದ್ದು, ಅದಕ್ಕೆ ಹೆದರಬೇಡಿ, ಮೂರ್ನಾಲ್ಕಕ್ಕೆ ನಿಲ್ಲಿಸಿ. ಪಂದಿಕರಿ ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಮೇಲೆ ಬೆಳ್ಳಗೆ ಗಟ್ಟಿಯಾಗುತ್ತದೆ. ಚಮಚದಲ್ಲಿ ತೆಗೆದು ಬಿಸಿ ಮಾಡಿ. ರುಚಿ ಸ್ವಲ್ಪ ಹೋಗುತ್ತೆ, ಸುಳ್ಳು ಹೇಳಲ್ಲ.

ಹುಳಿಮಾತು: ಕಾಚಂಪುಳಿ ಅಡುಗೆಯ ಹುಳಿ, ಔಷಧಿ ಅಲ್ಲ. ಅದನ್ನು ಮಾಡುವ ಗಾರ್ಸಿನಿಯಾ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು 1998ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ಕೊಟ್ಟು ನೋಡಿದರು, ಔಷಧಿ ಇಲ್ಲದ ಹುಸಿಮಾತ್ರೆ ತಗೊಂಡವರಿಗಿಂತ ತೂಕ ಹೆಚ್ಚೇನೂ ಇಳಿಯಲಿಲ್ಲ. ಗಾರ್ಸಿನಿಯಾ ಹೆಸರಿನ ತೂಕದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ. ಕರಿಗೆ ಹಾಕುವಷ್ಟೇ ಹಾಕಿ.

ಇಳಿಜಾರು: ನೋವಿಗೆ ಕಾರಣ ಬಹುಶಃ ಏರು ಅಲ್ಲ, ಇಳಿವು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿಯಬೇಕು. ಅಭ್ಯಾಸವಿಲ್ಲದಿದ್ದರೆ ಒಂದರಿಂದ ಮೂರು ದಿನ ನೋವಿರುತ್ತದೆ. ಅದರ ಮೇಲೆ ದಿನಾ ಇಳಿದರೆ ಮಂಡಿಚಿಪ್ಪಿನ ಸುತ್ತ ಹೊರೆ ಬೀಳುತ್ತದೆ. ಮೂರು ವಾರ ಮ್ಯಾನ್ಸ್ ಕಾಂಪೌಂಡ್ ಮೈದಾನದಂಥ ಸಮತಟ್ಟಿನಲ್ಲಿ 25 ನಿಮಿಷ, ವಾರಕ್ಕೆ ಐದು ದಿನ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವ ವೇಗದಲ್ಲಿ ನಡೆಯಿರಿ. ಆಮೇಲೆ ವಾರಕ್ಕೊಮ್ಮೆ ಇಳಿಜಾರು, ಹೆಜ್ಜೆ ಚಿಕ್ಕದು. ಜತೆಗೆ ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು, ಮೂರು ಎಣಿಸಿ ನಿಧಾನ ಕೂರುವುದು: 8 ಸಲದ ಎರಡು ಸುತ್ತು. ಮಂಡಿ ಊದಿದರೆ ಅಥವಾ ಕುಸಿದರೆ ಇದೆಲ್ಲ ಬಿಟ್ಟು ತೋರಿಸಿ.

ಅಡುಗೆಲೆಕ್ಕ: ಜೂನ್ ಬಂದರೆ ಮೈದಾನವೂ ಇಲ್ಲ, ಬರೀ ಮಳೆ. ಆಗ ಮನೆಯ ಮೆಟ್ಟಿಲು ಹತ್ತಿಳಿಯೋದು 10 ನಿಮಿಷ, ಎರಡು ಹೊತ್ತು. ಹಾಗಂತ ತುತ್ತು ಜಾಸ್ತಿ ಮಾಡ್ಬೇಡಿ, ಮಳೆಗಾಲದಲ್ಲಿ ಹಸಿವು ತಾನೇ ಜೋರು.