ಸಹಾಯ ಬೇಕು: ವೈಟ್ ನದಿಯ ಕಡಿಮೆ ನೀರಲ್ಲಿ ದೋಣಿ ನಡೆಸಿದವರು ಇದ್ದೀರಾ?

ಅಮೆರಿಕದ ಅರ್ಕನ್ಸಾ ರಾಜ್ಯದ ಕಡೆ ಟ್ರೌಟ್ ಮೀನು ಹಿಡಿಯಲು ಹೋದ ಕನ್ನಡಿಗರು ಇದ್ದರೆ ದಯವಿಟ್ಟು ಹೇಳಿ. ಅಪ್ಪನ ಜತೆ ಈ ನದಿಯ ಬುಲ್ ಶೋಲ್ಸ್ ಅಣೆಕಟ್ಟಿನಿಂದ ಕೆಳಗಿನ ಕಾಟರ್ ಊರಿನ ತನಕ ಚಪ್ಪಟೆ ತಳದ ಜಾನ್ ಬೋಟಲ್ಲಿ ಹೋಗುವ ಆಸೆ. ಅಪ್ಪನಿಗೆ ಈಜು ಬರಲ್ಲ, ಲೈಫ್ ಜಾಕೆಟ್ ಬಿಚ್ಚಲು ಬಿಡಲ್ಲ ಬಿಡಿ.

ಚಿಂತೆ ಇರುವುದು ನೀರಿನ ಮಟ್ಟದ್ದು. ಅಣೆಕಟ್ಟಿನ 8 ಟರ್ಬೈನ್‌ಗಳೂ ನಿಂತಾಗ ಜಲ್ಲಿ ದಿಬ್ಬಗಳು ದೋಣಿಯ ತಳಕ್ಕೆ ತಾಗುವಷ್ಟು ಮೇಲೆ ಬರುತ್ತವೆ. ವಿದ್ಯುತ್ ಉತ್ಪಾದನೆ ಶುರುವಾದರೆ ಅದೇ ಜಾಗದಲ್ಲಿ ನೀರು ಹಲವು ಅಡಿ ಏರುತ್ತದೆ. ಆ ವಿದ್ಯುತ್ ಮಾರುವ ಸರ್ಕಾರಿ ಸಂಸ್ಥೆ ಸೌತ್‌ವೆಸ್ಟರ್ನ್ ಪವರ್ ಅಡ್ಮಿನಿಸ್ಟ್ರೇಷನ್ ಉತ್ಪಾದನೆಯ ವೇಳಾಪಟ್ಟಿ ಹಾಕುತ್ತದೆ, ಆದರೆ ಬೇಡಿಕೆ ನೋಡಿ ಅದೂ ಬದಲಾಗುತ್ತದೆ. ಬಿಟ್ಟ ನೀರು ಕಾಟರ್ ಮುಟ್ಟಲು ಎಷ್ಟು ಹೊತ್ತು?

ಹರಿವಿನ ಕೆಳಗಡೆಗೆ ಚೂಪಾದ 'ವಿ' ಕಂಡರೆ ಆಳದ ದಾರಿ, ಮೇಲ್ಗಡೆಗೆ ಚೂಪಾಗಿದ್ದರೆ ಅಡಿಯಲ್ಲಿ ಬಂಡೆ, ಇಷ್ಟು ಗೊತ್ತು. ತಣ್ಣೀರಿನ ಮೇಲೆ ಮಂಜು ಕವಿದಾಗ ಅದೂ ಕಾಣದಲ್ಲ, ಆಗ ಏನು ಮಾಡ್ತೀರಿ? ದಡಕ್ಕೆ ಕಟ್ಟಿ ಕಾಯುವುದೇ ಸರಿಯಾ?

ಮೋಟರ್ ಬಗ್ಗೆಯೂ ಗೊಂದಲ. ನೀರು ಎಳೆದು ಹಿಂದಕ್ಕೆ ಚಿಮ್ಮಿಸುವ ಜೆಟ್ ಮೋಟರ್‌ಗೆ ಕಡಿಮೆ ನೀರು ಸಾಕು, ಆದರೆ ಶಕ್ತಿ ಕಮ್ಮಿ, ಪಾಚಿ ಸಿಕ್ಕಿಕೊಳ್ಳುತ್ತದೆ. ಪ್ರೊಪೆಲ್ಲರ್ ಆದರೆ ಕಲ್ಲಿಗೆ ಬಡಿಯುವ ಭಯ. ನೀರು ಜೋರಿದ್ದಾಗ ಲಂಗರಂತೂ ಹಾಕಲ್ಲ, ದೋಣಿ ಮಗುಚುತ್ತದೆ.

ಮೊದಲ ದಿನ ಗೈಡ್ ಇಟ್ಟುಕೊಳ್ಳಿ ಅನ್ನುವವರು ಯಾವ ದಿಬ್ಬಗಳ ಹತ್ತಿರ ಹುಷಾರಾಗಿರಬೇಕು ಅನ್ನೋದನ್ನೂ ತಿಳಿಸಿ.